ಒಂದು ಟ್ಯೂಬು ರಕ್ತ, ಆರು ಕಿಲೋಮೀಟರು

ನಸುಕಿನ್ಯಾಗ ಐದಕ್ಕ ಎದ್ದು
ಎಡಗೈಗೆ ನಾನ ರಬ್ಬರು ಸುತ್ತಿ, ಹಲ್ಲಿಲೆ ಎಳೆದು ಬಿಗಿದು,
ಎರಡು ಟ್ಯೂಬು ರಕ್ತ ತಗೊಂಡೆ.
ಒಂದನ್ನ ಮೇಜಿನ ಮ್ಯಾಲ ಅಲುಗದಂಗ ನಿಲ್ಲಿಸಿದೆ, ಸಾಕ್ಷಿಗೆ.
ಇನ್ನೊಂದು ನೀಲಿ ಐಸ್ ಡಬ್ಬಿಯೊಳಗ,
ಹತ್ತಿ ಗಿತ್ತಿ ಇಲ್ಲದ, ದಿನಾ ಇಡೂ ಹಂಗ.

ವಾಕಡೇವಾಡಿ ಶೋರೂಮಿನ್ಯಾಗ
ಟೆಮಘರೆ ಅನ್ನೂ ಹುಡುಗ ಬಣ್ಣದ ಕಾಗದ ಬಿಚ್ಚಿದ:
ಹಿಮದ ಗುಡ್ಡ, ಗಡ್ಡದ ಗಂಡಸು,
ಹಿಂದ ಮೂರು ಪೆಟ್ಟಿಗಿ, ಮುಂದ ದಾರೀನ ಇಲ್ಲ.
‘ಸಿಂದಗಿ ಮ್ಯಾಡಮ್, ಎಲ್ಲಿಗಿ ಹೋಗವರು? ಸ್ಪಿತಿ? ಲಡಾಖ?’
‘ಆಂಬೇಗಾಂವ ಗುಡ್ಡಕ್ಕ’ ಅಂದೆ. ‘ದಿನಾ. ಆರರೊಳಗ.
ಅಲ್ಲಿ ಮಂದಿ ಬರೇ ಹೊಟ್ಟೀಲೆ ಕುಂತಿರ್ತಾರ,
ನಾ ಚುಚ್ಚಿ ಹೋದ ಮ್ಯಾಲನ ಅವರ ಚಹಾ.’

ಸೀಟಿನ ಎತ್ತರ ಎಂಟನೂರಾ ಇಪ್ಪತ್ತು ಮಿಲಿಮೀಟರು.
ನಾ ನಾಕು ಫೂಟು ಹನ್ನೊಂದಿಂಚು, ಚಪ್ಪಲಿ ಸಮೇತ.
ಏರಿ ಕುಂತೆ. ಕಾಲು ನೆಲಕ ಮುಟ್ಟವಲ್ವು.
ಬಲಗಾಲ ಹೆಬ್ಬಟ್ಟು ಮುಟ್ಟಿದ್ರ ಎಡಗಾಲು ಗಾಳ್ಯಾಗ.
ಸೊಲ್ಲಾಪುರದಾಗ ಅಪ್ಪನ ಗಿರಣಿ ಸೈಕಲ್ಲು,
ದಂಡಿಗಿ ಕೆಳಗ ಕಾಲು ತೂರಿಸಿ ಒಳಪೆಡ್ಲ ತುಳಿದದ್ದು ನೆನಪಾತು.
ಆವತ್ತೂ ಅಷ್ಟ.
‘ಸ್ಕೂಟರಿನ್ಯಾಗ ಹೊಸಾ ಗುಲಾಬಿ ಬಣ್ಣ ಬಂದದರಿ’ ಅಂದ ಟೆಮಘರೆ.
ನನಗ ಕೇಳಿಸಲಿಲ್ಲ.

ಯೂನುಸ್ ಬಾಗವಾನ, ಹನ್ನೊಂದು ವರ್ಷದಿಂದ ನನ್ನ ಸ್ಕೂಟರಿನ ಡಾಕ್ಟರು,
ಟಾರ್ಚು ಹಿಡಿದು ಗಾಡಿ ಬುಡಕ ಕುಂತ.
ಹೊಟ್ಟಿ ಕೆಳಗಿನ ತಗಡು? ತಗಡಲ್ಲ, ಪ್ಲಾಸ್ಟಿಕ್ಕು.
ಕಡ್ಡಿ ಗಾಲಿ, ಪಂಚರಾದ್ರ ಅರ್ಧ ದಿವಸ ಹೋತು.
ಒಂದು ಬೋಲ್ಟಿಗಿ ಆಗಲೇ ತುಕ್ಕಿನ ಅರಿಷಿಣ.
ಸ್ಪ್ರಿಂಗು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ,
‘ಉಸಿರು ಮಾತ್ರ ಚಲೋ ಅದ’ ಅಂದ.
ಆಮ್ಯಾಲ ನನ್ನ ಕಿವಿಯೊಳಗ: ‘ಮೊದಲನೇ ರೊಟ್ಟಿ ಹಂಚಿಗಿ, ತಾಯಿ.
ಆರು ತಿಂಗಳು ತಡಿ. ಬ್ಯಾರೆದವರ ಹಲ್ಲು ಮುರೀಲಿ.’

ಟೆಸ್ಟ್ ರೈಡು ಅಂದ್ರ ಮೂರು ಕಿಲೋಮೀಟರು,
ಡಾಂಬರು, ಸಿಗ್ನಲ್ಲು, ವಾಪಸ್ಸು.
ಡಬ್ಬಿ ಹಿಂದ ಕಟ್ಟಿದೆ. ‘ಅದರಾಗ ಏನದರಿ?’
‘ನಾ’ ಅಂದೆ.

ಸಂಗಮ ಪೂಲಿನ ಹತ್ರ ಡಾಂಬರು ಬಿಟ್ಟು ಹೊಳಿದಂಡಿಗಿ ಇಳಿಸಿದೆ.
ಯಾರೋ ಅಗೆದು ಮರೆತ ರಸ್ತಾ,
ಮಳಿ ತುಂಬಿಟ್ಟ ತೆಗ್ಗು, ಮುರಕ ಪೈಪು, ಎಮ್ಮಿ.
ಎದ್ದು ನಿಂತೆ. ಪೆಡ್ಲಿನ ಮ್ಯಾಲ ನಿಂತಾಕಿಗಿ
ಕಾಲಬುಡಕ ನೆಲ ಯಾಕ ಬೇಕು?
ಗಾಡಿ ಕೆಳಗ ಕುಣೀತಿತ್ತು, ನಾ ಮ್ಯಾಲ ಸುಮ್ಮನಿದ್ದೆ.
ನಲವತ್ತಾರು ವರ್ಷದಾಗ ಮೊದಲನೇ ಸಲ
ಪುಣೆ ನನಗಿಂತ ಕುಳ್ಳ ಇತ್ತು.

ನಿಂದ್ರಸೂಮುಂದ ವಾಲಿತು.
ನಾ ಹಿಡಿದೆ ಅಂದ್ರ ಸುಳ್ಳು, ಎಮ್ಮಿ ಹಿಡೀತು.
ಕಾಯೂ ಮುದುಕ ನಕ್ಕ. ಎಮ್ಮಿ ನಗಲಿಲ್ಲ.
ಟೆಮಘರೆ ಮೀಟರು ಬಗ್ಗಿ ನೋಡಿದ: ಆರು.

ಮಧ್ಯಾಹ್ನ ಲ್ಯಾಬಿನ ಯಂತ್ರದಾಗ ಎರಡೂ ಟ್ಯೂಬು ತಿರುಗಿಸಿದೆ.
ಬಡಿದಾಡಿದ ರಕ್ತ ಒಡೀತದ,
ಒಡದ್ರ ಮ್ಯಾಲಿನ ನೀರು ಕೆಂಪಗಾಗ್ತದ, ರಿಪೋರ್ಟು ಸುಳ್ಳಾಗ್ತದ.
ಹೋದ ಶ್ರಾವಣದಾಗ ನನ್ನ ಸ್ಕೂಟರು
ಧಾಯರಿಯ ಒಬ್ಬ ಮುದುಕನ ಕಿಡ್ನಿ ಕೆಡಿಸಿತ್ತು, ಕಾಗದದ ಮ್ಯಾಲ.
ಎರಡು ರಾತ್ರಿ ಆ ಮನಿ ದೀಪ ಆರಿಸಲಿಲ್ಲ.

ಮೇಜಿನ ಟ್ಯೂಬು: ಹಳದಿ, ತಿಳಿ.
ಗಾಡೀದು: ಹಳದಿ.
ಕಿಟಕಿಗಿ ಹಿಡಿದೆ, ತಿರುಗಿಸಿ ಹಿಡಿದೆ,
ಅಂಚಿನ್ಯಾಗ ಉಗುರಿನ ಕೆಳಗಿನ ಬಣ್ಣದಷ್ಟು ಗುಲಾಬಿ
ಅದನೋ, ಕಣ್ಣಿಗಿ ನಿದ್ದಿ ಸಾಲದೋ.
ಇದ್ರೂ ಅದು ಎಮ್ಮಿ ಲೆಕ್ಕ, ಗಾಡಿ ಲೆಕ್ಕಲ್ಲ.

ಎರಡು ಲಕ್ಷ ಹತ್ತು ಸಾವಿರ. ಟೆಮಘರೆ ಮೂರು ಸಲ ಫೋನು ಮಾಡ್ಯಾನ.
ಯೂನುಸ್ ಸೀಟಿನ ಫೋಮು ಒಂದಿಂಚು ಕೊರಿತೀನಂದಾನ,
ಅದಕ್ಕಿಂತ ಹೆಚ್ಚು ಬ್ಯಾಡ, ಟಿಕ್ಕಿ ಬೇನಿ ಆದೀತು.
ಇನ್ನೊಂದು ರೈಡು ಕೇಳಬೇಕು, ಈ ಸಲ ಕಾತ್ರಜ ಕಡೆ,
ಎಮ್ಮಿ ಇಲ್ಲದ ದಾರಿ.
ಗಡಿಯಾರಕ್ಕ ಐದರ ಕೀಲಿ ಕೊಟ್ಟೀನಿ.
ಬಲಗೈ ಬಾಕಿ ಅದ.